ನೀಲಿ ಡ್ರಮ್ಮಿನ ನೀರು

ಪಂಪಿನ ಸದ್ದು ನಿಂತುಹೋಯಿತೆಂದು ಕಸಿಲ್ದಾಳಿಗೆ ಮತ್ತೆ ಅನ್ನಿಸಿತು. ಲಾರಿಯ ಮುಂದಿನ ಸೀಟಿನಲ್ಲಿ ಕೂತವಳು ತಲೆಯನ್ನು ಹಿಂದಿನ ತಗಡಿಗೆ ಆನಿಸಿ ಉಸಿರು ಬಿಗಿಹಿಡಿದು ಕೇಳಿದಳು. ಘಟ್ಟ ಹತ್ತುವ ಇಂಜಿನ್ನಿನ ಆ ಅರಚಾಟದಲ್ಲಿ, ಹಿಂದೆ ಟಾರ್ಪಾಲಿನ ಕೆಳಗೆ, ಬೀರು ಮಂಚ ಪಾತ್ರೆಗಳ ನಡುವೆ ಕಟ್ಟಿ ನಿಲ್ಲಿಸಿದ ನೀಲಿ ಡ್ರಮ್ಮಿನ ಮೇಲೆ ಗುಂಯ್‌ಗುಡುವ ಅಂಗೈಯಗಲದ ಬ್ಯಾಟರಿ ಪಂಪು ಯಾರ ಕಿವಿಗೆ ಬಿದ್ದೀತು? ಆದರೆ ಕಸಿಲ್ದಾಳ ಕಿವಿಗೆ ಬೀಳುತ್ತಿತ್ತು. ಇಪ್ಪತ್ತು ವರ್ಷ ಆ ಸದ್ದಿನ ಪಕ್ಕದಲ್ಲೇ ಉಂಡಿದ್ದಳು, ಮಲಗಿದ್ದಳು, ಜ್ವರ ಬಂದಾಗ ನರಳಿದ್ದಳು. ಕರೆಂಟು ಹೋದಾಗಲೆಲ್ಲ ಗಂಡ ಎವಾರಿಸ್ತೊ ಮೈಮೇಲೆ ದೆವ್ವ ಬಂದವನ ಹಾಗೆ ಎದ್ದು ಓಡಿ, ಗಾಜಿನ ತೊಟ್ಟಿಗಳ ನೀರನ್ನು ಲೋಟದಲ್ಲಿ ಎತ್ತಿ ಎತ್ತಿ ಸುರಿಯುತ್ತಿದ್ದ, ಮೀನುಗಳಿಗೆ ಗಾಳಿ ಸಿಗಲೆಂದು. ಇವಳು ಹಾಸಿಗೆಯಲ್ಲಿ ಬಿದ್ದುಕೊಂಡೇ, ದೇವರೇ, ಇನ್ನೊಂದು ಗಳಿಗೆ ಕರೆಂಟು ಬರದಿರಲಿ, ಈ ಮೌನ ಇನ್ನೊಂದು ಗಳಿಗೆ ಇರಲಿ ಎಂದು ಬೇಡಿಕೊಳ್ಳುತ್ತಿದ್ದಳು. ಈಗ ಅದೇ ಸದ್ದಿಗಾಗಿ ಅವಳ ಜೀವವೆಲ್ಲ ಕಿವಿಗೆ ಬಂದು ಕೂತಿತ್ತು.

"ನಿಕಾನೋರ್, ಸ್ವಲ್ಪ ನಿಲ್ಸಪ್ಪ."

"ಮತ್ತೆನಾ?" ಡ್ರೈವರ್ ನಿಕಾನೋರ್ ಕೆನ್ನೆಯೊಳಗಿನ ಕೋಕಾ ಎಲೆಯ ಉಂಡೆಯನ್ನು ಈ ಕಡೆಯಿಂದ ಆ ಕಡೆಗೆ ತಳ್ಳಿದ. "ಅಮ್ಮಾ, ಹೆರಿಗೆ ನೋವು ಬಂದ ಹೆಂಗಸನ್ನ ಇದೇ ಗಾಡೀಲಿ ಆಸ್ಪತ್ರೆಗೆ ಸೇರ್ಸಿದೀನಿ. ಆಕೆ ಕೂಡ ಇಷ್ಟು ಸಲ ನಿಲ್ಸಿರ್ಲಿಲ್ಲ."

"ಪಂಪು ನಿಂತಿರ್ಬೇಕು ಕಣಪ್ಪ."

"ನಿಂತ್ರೆ ನಿಲ್ಲುತ್ತೆ. ನದೀಲಿರೋ ಮೀನಿಗೆ ಯಾರು ಪಂಪು ಇಟ್ಟಿದಾರೆ?" ಎಂದ. ಆದರೂ ನಿಲ್ಲಿಸಿದ.

ಪಂಪು ನಿಂತಿರಲಿಲ್ಲ. ಟಾರ್ಪಾಲಿನ ಕೆಳಗೆ ನುಗ್ಗಿ ಡ್ರಮ್ಮಿನ ಮುಚ್ಚಳದ ತೂತಿಗೆ ಕಣ್ಣಿಟ್ಟು ನೋಡಿದಳು. ಕತ್ತಲೆ, ಕತ್ತಲೆಯೊಳಗೆ ನೀರಿನ ಗುಳುಗುಳು. ಮುಚ್ಚಳ ತೆಗೆಯಲು ಕೈ ಹೋಯಿತು, ಕೈಯನ್ನು ಹಿಂದಕ್ಕೆಳೆದುಕೊಂಡಳು. ತೆಗೆದರೆ ನೀರು ಕಾಣುತ್ತದೆ. ನೀರಿನ ಬಣ್ಣ ಕಾಣುತ್ತದೆ. ಬೆಳಗಿನಿಂದ ಅವಳು ಎಷ್ಟು ಸಲ ಲಾರಿ ನಿಲ್ಲಿಸಿದ್ದರೂ ಮುಚ್ಚಳವನ್ನು ಮಾತ್ರ ತೆಗೆದಿರಲಿಲ್ಲ. ಪಂಪು ಓಡುತ್ತಿದೆಯಲ್ಲ, ಅಷ್ಟು ಸಾಕು ಎಂದು ವಾಪಸು ಬಂದು ಕೂತಳು. ತಾನು ಯಾವುದಕ್ಕೆ ಹೆದರುತ್ತಿದ್ದೇನೆಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

ಹೊರಡುವ ಹೊತ್ತಿಗೆ ಸಾಂತಾ ಕ್ರೂಸ್‌ನಲ್ಲಿ ಬೆಳಗಿನಲ್ಲೇ ಬೆವರು ಹರಿಯುತ್ತಿತ್ತು. ಬೀದಿಯವರೆಲ್ಲ ನಿಂತು ನೋಡುತ್ತಿದ್ದರು. ಗಣಿ ಮುಚ್ಚಿದ ಕಾಲದಲ್ಲಿ ಬೆಟ್ಟದ ಮೇಲಿನ ಒರುರೊದಿಂದ ಇಳಿದು ಬಂದ ಗಂಡಹೆಂಡತಿ, ಈಗ ಮುದುಕರಾಗಿ ಮತ್ತೆ ಬೆಟ್ಟ ಹತ್ತುತ್ತಿದ್ದಾರೆ, ಅದೂ ಈ ಸೆಕೆಯ ನದಿಗಳ ಮೀನು ಹೊತ್ತುಕೊಂಡು, ಅಂಥ ಚಳಿಗೆ. ನಿಕಾನೋರ್ ಜೇಬಿನಿಂದ ಕಬ್ಬಿನ ಸಾರಾಯಿಯ ಬಾಟಲಿ ತೆಗೆದು ಚಾಲ್ಯ ಮಾಡಿದ. ಚಾಲ್ಯ ಮಾಡದೆ ಯಾವ ಲಾರಿ ತಾನೆ ಹೊರಡುತ್ತದೆ? ಭೂತಾಯಿಗೆ ಒಂದು ಗುಟುಕು, ನಾಲ್ಕು ಚಕ್ರಕ್ಕೂ ಒಂದೊಂದು ಗುಟುಕು, ಕೊನೆಗೆ ತನ್ನ ಗಂಟಲಿಗೊಂದು. "ತಗೊಳ್ಳಿ ಅಮ್ಮಾ, ನಿಮ್ಮ ಸಾಮಾನಿಗೂ ನೀವೇ ಬಿಡಿ. ಸುಖವಾಗಿ ಮುಟ್ಲಿ" ಎಂದು ಬಾಟಲಿ ಅವಳ ಕೈಗಿಟ್ಟ. ಮಂಚದ ಕಾಲಿಗೆ ಬಿಟ್ಟಳು, ಹೊಲಿಗೆ ಮಿಷನ್ನಿಗೆ ಬಿಟ್ಟಳು, ಕಂಬಳಿ ಸುತ್ತಿ ಮಲಗಿಸಿದ್ದ ಖಾಲಿ ಗಾಜಿನ ತೊಟ್ಟಿಗಳಿಗೆ ಬಿಟ್ಟಳು. ಆಮೇಲೆ ಡ್ರಮ್ಮಿನ ಎದುರು ನಿಂತಳು. ಅಷ್ಟು ವರ್ಷ ಶಪಿಸಿದ್ದ ಆ ಜೀವಗಳ ಮೇಲೆ ಆ ಕ್ಷಣಕ್ಕೆ ಎಲ್ಲಿಂದ ಉಕ್ಕಿತೋ ಕರುಣೆ. ತಾಯಿ, ಇವು ಸಾಯದ ಹಾಗೆ ನೋಡಿಕೊ, ಅವನ ಮುಂದೆ ನನ್ನ ಮುಖ ಉಳಿಸು ಎಂದಳು. ಮುಚ್ಚಳ ತೆಗೆದು, ಬಾಟಲಿ ಬಗ್ಗಿಸಿ, ಒಂದು ಒಳ್ಳೆಯ ಗುಟುಕು ನೀರಿಗೇ ಬಿಟ್ಟಳು.

ಮುಚ್ಚಳ ಹಾಕಿದ ಮೇಲಷ್ಟೆ ಎವಾರಿಸ್ತೊನ ದನಿ ಕೇಳಿಸಿತು. ಪ್ರತಿ ಕಾರ್ನಿವಾಲ್ ಹಬ್ಬದ ಮಂಗಳವಾರ, ಅವಳು ಮನೆಯ ಮೂಲೆಮೂಲೆಗೂ, ಫ್ರಿಜ್ಜಿಗೂ ಟಿವಿಗೂ ಬಿಯರು ಚಿಮುಕಿಸಿ ಕಾಗದದ ಹೂವು ಚೆಲ್ಲುತ್ತ ಬಂದಾಗ, ಅವನು ಎರಡೂ ಕೈ ಅಗಲಿಸಿ ತೊಟ್ಟಿಗಳ ಮುಂದೆ ನಿಂತುಬಿಡುತ್ತಿದ್ದ. "ಇಲ್ಲಿ ಬೇಡ. ನೀರಿಗೆ ಒಂದು ಹನಿ ಬೀಳ್ಬಾರ್ದು. ಬಿದ್ರೆ ನೀರು ಹಾಲಿನ ಹಾಗೆ ಬೆಳ್ಳಗಾಗುತ್ತೆ, ಮೀನಿಗೆ ಉಸಿರು ಸಿಗಲ್ಲ. ನಿನಗೆ ಎಷ್ಟು ಸಲ ಹೇಳ್ಬೇಕೇ?" ಪ್ರತಿ ವರ್ಷವೂ ಹೇಳಿದ್ದ. ಅವಳು ಪ್ರತಿ ವರ್ಷವೂ ಮುಖ ಸಿಂಡರಿಸಿಕೊಂಡು ಹೋಗಿದ್ದಳು. ಹಾಗಾದರೆ ಇವತ್ತು? ಮರೆತಿದ್ದೆ, ಆಣೆ ಮಾಡಿ ಹೇಳುತ್ತೇನೆ, ಮರೆತಿದ್ದೆ. ಮರೆತಿದ್ದರೆ ಸರಿ. ಆದರೆ ಮುಚ್ಚಳಕ್ಕೆ ಹಗ್ಗ ಬಿಗಿದಿತ್ತಲ್ಲ. ಆ ಗಂಟು ಬಿಚ್ಚುವುದಕ್ಕೆ ಉಗುರು ಮುರಿದುಕೊಂಡೆಯಲ್ಲ. ಅಷ್ಟು ಹೊತ್ತೂ ಮರೆತೇ ಇದ್ದೆಯಾ, ಕಸಿಲ್ದಾ? ಅಷ್ಟು ನೀರಿಗೆ ಒಂದು ಗುಟುಕು ಯಾವ ಲೆಕ್ಕ ಎಂದುಕೊಂಡು ಅವಳು ಲಾರಿ ಹತ್ತಿದ್ದಳು. ಹೊರಟುನಿಂತ ಗಾಡಿಯನ್ನು ತಡೆದು, ಹೀಗೊಂದು ಕೆಲಸ ಮಾಡಿಬಿಟ್ಟೆ, ನೀರು ಬದಲಾಯಿಸಬೇಕು ಎನ್ನಲು ನಾಚಿಕೆಯಾಗಿತ್ತು. ಅಷ್ಟೂ ಜನ ನಗುತ್ತಿದ್ದರು.

ಎವಾರಿಸ್ತೊ ಲಕ್ವಾ ಹೊಡೆದು ಬಿದ್ದದ್ದು ತೊಟ್ಟಿಯ ಮುಂದೆಯೇ, ಕೈಯಲ್ಲಿ ಬಲೆ ಹಿಡಿದುಕೊಂಡೇ. ಬಲಗೈ ಬಲಗಾಲು ಸತ್ತು, ಬಾಯಿ ಒಂದು ಕಡೆಗೆ ಸೊಟ್ಟಗಾಗಿ, ಮಾತು ಗೊಗ್ಗರವಾಯಿತು. ಅವನ ಅಕ್ಕ ಬಸಿಲಿಯಾ ಒರುರೊದಿಂದ ಬಂದವಳೇ ತಮ್ಮನನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಕಸಿಲ್ದಾಳನ್ನು ಒಂದು ಮಾತು ಕೇಳಲಿಲ್ಲ. ಬಾಡಿಗೆ ಮನೆ ಬಿಟ್ಟುಕೊಟ್ಟು ಹಿಂದಿನಿಂದ ಬಾ ಎಂದಳು, ಅಷ್ಟೆ. ಆಮೇಲೆ ಫೋನು. "ಸಾಮಾನು ಬಂದ್ರೆ ಬರ್ಲಿ, ಹೋದ್ರೆ ಹೋಗ್ಲಿ. ಮೀನು ತಗೊಂಬಾ. ಜೀವಂತ. ತಿಳೀತಾ?" ಆ 'ಜೀವಂತ' ಎನ್ನುವ ಮಾತನ್ನು ಅತ್ತಿಗೆ ಎಷ್ಟು ಒತ್ತಿ ಹೇಳಿದ್ದಳೆಂದರೆ ಕಸಿಲ್ದಾ ಫೋನನ್ನು ಕಿವಿಯಿಂದ ದೂರ ಹಿಡಿದಿದ್ದಳು. ಅವಳಿಗೆ ಗೊತ್ತಿದೆ. ಆ ಮುದುಕಿಗೆ ಎಲ್ಲ ಗೊತ್ತಿದೆ. ಒಂದು ಬೇಸಿಗೆಯಲ್ಲಿ ಬಂದಿದ್ದಾಗ ಕಸಿಲ್ದಾ ನೀರು ಬದಲಿಸುತ್ತ ಬಕೆಟ್ಟನ್ನು ದಡಾರನೆ ಕುಕ್ಕಿ, "ಹಾಳಾಗಿ ಹೋಗ್ಲಿ ಇವು, ಒಂದಿನ ಎಲ್ಲವನ್ನೂ ಹುರಿದು ಹಾಕ್ತೀನಿ" ಎಂದದ್ದನ್ನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದವಳು ಅವಳು. ಆಗ ಎವಾರಿಸ್ತೊನೂ ಅಲ್ಲೇ ಇದ್ದ. ನಕ್ಕಿದ್ದ. ಅವನೊಬ್ಬ ತನ್ನನ್ನು ಅರ್ಥ ಮಾಡಿಕೊಂಡಿದ್ದಾನೆ, ಬಾಯಿ ಜೋರು, ಕೈ ಮೆತ್ತಗೆ ಎಂದು ಅವನಿಗೆ ಗೊತ್ತು ಎಂದು ಅವಳಿಗೆ ಆವತ್ತು ಸಮಾಧಾನವಾಗಿತ್ತು. ಅಲ್ಲವೇ ಮತ್ತೆ? ಹೊಟ್ಟೆಪಾಡಿಗೆ ಅವನು ದಿನವಿಡೀ ಹೊರಗಿದ್ದಾಗ ಆ ತೊಟ್ಟಿಗಳ ಪಾಚಿ ಕೆರೆದವರು ಯಾರು? ನೆಂಟರ ಮನೆಯ ಮದುವೆ ಬಿಟ್ಟು ಮೀನು ಕಾದವರು ಯಾರು? ಆ ದಪ್ಪ ಕರಿಮೀನು, ಅವನು 'ಜನರಲ್' ಎಂದು ಹೆಸರಿಟ್ಟದ್ದು, ಗಾಜಿಗೆ ಮೂತಿಯೊತ್ತಿ ತನ್ನನ್ನೇ ದಿಟ್ಟಿಸುತ್ತಿದ್ದಾಗ ಬಯ್ಯುತ್ತ ಬಯ್ಯುತ್ತಲೇ ಊಟ ಹಾಕಿದವರು ಯಾರು?

ಮಧ್ಯಾಹ್ನ ಘಟ್ಟದ ಮೇಲೆ ಲಾರಿ ನಿಂತಿತು. ಮುಂದೆ ಇನ್ನೊಂದು ಲಾರಿ, ಅದರ ಮುಂದೆ ಬಸ್ಸು, ತಿರುವಿನಾಚೆಗೂ ಸಾಲು. ನಿಕಾನೋರ್ ಇಳಿದು ಹೋಗಿ ಬಂದ. "ರಸ್ತೆ ತಡೆ" ಎಂದ, ಮಳೆ ಬಂತು ಎನ್ನುವಷ್ಟೇ ಸಹಜವಾಗಿ. "ಹಳ್ಳಿಯವ್ರು. ಸೇತುವೆ ಕೊಚ್ಚಿಹೋಗಿ ವರ್ಷ ಆಯ್ತಂತೆ, ಯಾರೂ ಕೇಳಿಲ್ವಂತೆ. ಕಲ್ಲು ಪೇರ್ಸಿ ಕೂತಿದಾರೆ."

"ಯಾವಾಗ ಬಿಡ್ತಾರೆ?"

"ಅದನ್ನ ಕೇಳೋ ಹಾಗಿಲ್ಲ. ಕೇಳಿದ್ರೆ ಇನ್ನೊಂದಿನ ಜಾಸ್ತಿ ಮಾಡ್ತಾರೆ."

ಅಲ್ಲಿ ಗಾಳಿಗೆ ಆಗಲೇ ಹಲ್ಲು ಬಂದಿತ್ತು. ಶಾಲು ಹೊದ್ದುಕೊಂಡು ಲಾರಿಯ ಹಿಂದಕ್ಕೆ ಹೋದಳು. ಈಗ ನೋಡದೆ ವಿಧಿಯಿರಲಿಲ್ಲ. ಹಗ್ಗ ಬಿಚ್ಚಿ ಮುಚ್ಚಳ ತೆಗೆದಳು. ನೀರು ಬೆಳ್ಳಗಾಗಿತ್ತು. ಅಕ್ಕಿ ತೊಳೆದ ನೀರಿನ ಹಾಗೆ. ಅದರೊಳಗಿಂದ ಏಂಜಲ್ ಮೀನುಗಳು ಏಳೂ ಮೇಲಕ್ಕೆ ಬಂದು, ಸಪೂರ ಬಾಯಿಗಳನ್ನು ನೀರಿನಾಚೆಗೆ ಚಾಚಿ ಚಾಚಿ ಗಾಳಿ ಕುಡಿಯುತ್ತಿದ್ದವು. ಜನರಲ್ ಎಲ್ಲೋ ತಳದಲ್ಲಿತ್ತು, ಕಾಣಲಿಲ್ಲ. "ಅಯ್ಯೋ, ಅಯ್ಯೋ, ಏನು ಮಾಡಿಬಿಟ್ಟೆ" ಎಂದು ಗಟ್ಟಿಯಾಗಿಯೇ ಅಂದಳು. ಮರುಕ್ಷಣ, ಯಾರಾದರೂ ಕೇಳಿಸಿಕೊಂಡರೇನೋ ಎಂದು ಟಾರ್ಪಾಲಿನ ಸಂದಿಯಿಂದ ಇಣುಕಿದಳು. ಯಾರೂ ಇರಲಿಲ್ಲ. ಯಾರೂ ಇಲ್ಲವೆಂದು ತನಗೆ ಸಮಾಧಾನವಾದದ್ದು ನೋಡಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಕೊಚಬಾಂಬಾ ತಲುಪಿಬಿಟ್ರೆ ನೀರು ಸಿಗುತ್ತೆ, ಬೆಚ್ಚಗೂ ಇರುತ್ತೆ" ಎಂದಳು ನಿಕಾನೋರ್‌ಗೆ. "ಹೇಗಾದ್ರೂ ದಾಟ್ಸಪ್ಪ. ನಿನ್ನ ಕಾಲಿಗೆ ಬೀಳ್ತೀನಿ."

ಅವನು ತಲೆ ಕೆರೆದುಕೊಂಡ. "ಕಾಯಿಲೆಯವ್ರಿದ್ರೆ ಬಿಡ್ತಾರೆ. ಅದೊಂದೇ ದಾರಿ. ಸೀಟಿನ ಮೇಲೆ ಉದ್ದಕ್ಕೆ ಮಲಗಿ, ಹೊಟ್ಟೆ ಹಿಡ್ಕೊಳ್ಳಿ. ನರಳೋದು ಮಾತ್ರ ಚೆನ್ನಾಗಿ ನರಳ್ಬೇಕು. ನಾನು ಹೋಗಿ ಅತ್ತುಕೊಂಡು ಬರ್ತೀನಿ."

ಐವತ್ತೆಂಟು ವರ್ಷದ ಹೆಂಗಸು, ಸಂತೆಯಲ್ಲಿ ಗುಂಡಿ ದಾರ ಮಾರಿ ಮಾನವಾಗಿ ಬದುಕಿದವಳು, ಲಾರಿಯ ಸೀಟಿನ ಮೇಲೆ ಮಲಗಿ ನರಳಿದಳು. ಮೊದಮೊದಲು ದನಿಯೇ ಬರಲಿಲ್ಲ. ಆಮೇಲೆ ಬಂತು, ಎಷ್ಟು ಬಂತೆಂದರೆ ನಿಲ್ಲಿಸಲಾಗಲಿಲ್ಲ. ಎವಾರಿಸ್ತೊ ಬಿದ್ದ ದಿನವೂ ಅವಳು ಹೀಗೆ ಅತ್ತಿರಲಿಲ್ಲ. ಬಾಗಿಲು ತೆರೆಯಿತು. ಟೋಪಿ ಇಟ್ಟ, ಜಡೆ ಎರಡು ಇಳಿಬಿಟ್ಟ ದಪ್ಪ ಹೆಂಗಸೊಬ್ಬಳು ಏದುಸಿರು ಬಿಡುತ್ತ ಹತ್ತಿ ಪಕ್ಕದಲ್ಲೇ ಕೂತಳು. ಹಳ್ಳಿಯವರ ಮುಂದಾಳು, ಪ್ರಿಮಿತಿವಾ ಅಂತೆ. ಒರಟು ಅಂಗೈಯನ್ನು ಹಣೆಯ ಮೇಲಿಟ್ಟಳು. ಆ ಕೈಯಲ್ಲಿ ಹೊಗೆಯ ವಾಸನೆ, ಈರುಳ್ಳಿಯ ವಾಸನೆ.

"ಎಲ್ಲಿ ನೋವು, ತಾಯಿ? ಇಲ್ಲೇನಾ? ಜ್ವರ ಇಲ್ಲ. ಗಾಳಿ ತುಂಬಿರ್ಬೇಕು. ಹೆದ್ರಬೇಡ, ಬಿಟ್ಟು ಕಳಿಸ್ತೀವಿ. ನಾವೂ ಹೆತ್ತವರೇ." ಅಷ್ಟು ಮೆತ್ತಗೆ ಯಾರಾದರೂ ಕಸಿಲ್ದಾಳ ಹೊಟ್ಟೆ ಮುಟ್ಟಿ ಎಷ್ಟು ವರ್ಷವಾಗಿತ್ತೋ. ಅವಳಿಗೆ ಆ ಕೈ ಅಲ್ಲೇ ಇರಲಿ ಅನ್ನಿಸಿತು. ನಿಜವಾಗಿಯೂ ನೋವಿದೆ ಅನ್ನಿಸಿತು. ಅಷ್ಟರಲ್ಲಿ ಪ್ರಿಮಿತಿವಾ ಕತ್ತು ಹೊರಳಿಸಿದಳು. "ಅದೇನು ಸದ್ದು? ಗುಂಯ್ ಅಂತ? ಏನಪ್ಪಾ ಡ್ರೈವರು, ಒಳಗೇನು ಜೇನುಗೂಡು ಇಟ್ಕೊಂಡಿದೀಯಾ?"

ಇಳಿದು ಹೋಗಿ ಟಾರ್ಪಾಲು ಎತ್ತಿದಳು. ಡ್ರಮ್ಮಿನ ಮುಚ್ಚಳ ಸರಿಸಿದಳು. ಆಮೇಲೆ ನಗು. ಒಬ್ಬಳ ನಗು ಇಬ್ಬರದಾಗಿ, ಹತ್ತು ಜನರದಾಯಿತು. "ಬನ್ರೇ, ಕಾಯಿಲೆಯವ್ರನ್ನ ನೋಡ್ಬನ್ನಿ! ಏಳೆಂಟು ಜನ ಅವ್ರೆ! ಎಲ್ಲಾ ತೊಟ್ಟಿಲಲ್ಲೇ ಮಲಗವ್ರೆ!" ಯಾರೋ, "ಹೊಟ್ಟೆನೋವು ಮೀನಿಗಾ, ಮೀನು ತಿಂದೋಳಿಗಾ?" ಎಂದರು. ನಿಕಾನೋರ್ ಕೂಡ ಮುಖ ಆ ಕಡೆ ತಿರುಗಿಸಿಕೊಂಡು ಹೆಗಲು ಕುಲುಕಿಸುತ್ತಿದ್ದ. ಕಸಿಲ್ದಾ ಸೀಟಿನಿಂದಿಳಿದು ಅವರೆಲ್ಲರ ನಡುವೆ ನಿಂತಳು. ಲಂಗ ಮುದುರಿತ್ತು, ಮೂಗು ಸುರಿಯುತ್ತಿತ್ತು. ನಗಲಿ, ಎಷ್ಟು ಬೇಕಾದರೂ ನಗಲಿ.

"ಸಾಯ್ತಾ ಇವೆ" ಎಂದಳು. "ನನ್ನ ಗಂಡನವು. ಅವನು ಅಲ್ಲಿ ಮಾತು ಬಾರದೆ ಬಿದ್ದಿದಾನೆ. ಇವು ಸತ್ರೆ ನಾನೇ ಕೊಂದೆ ಅಂತಾರೆ."

"ಯಾರು ಅಂತಾರೆ?"

"ಅತ್ತಿಗೆ."

ಹೆಂಗಸರ ನಗು ಅಲ್ಲಿಗೆ ನಿಂತಿತು. ಅತ್ತಿಗೆ ಎಂದರೆ ಏನೆಂದು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಪ್ರಿಮಿತಿವಾ ಡ್ರಮ್ಮಿನೊಳಗೆ ಇಣುಕಿ, ಬಗ್ಗಿ, ಮೂಸಿದಳು. ಸಾರಾಯಿಯ ವಾಸನೆ ಸಿಕ್ಕಿಬಿಟ್ಟೀತೇನೋ ಎಂದು ಕಸಿಲ್ದಾ ಅವಳ ಮುಖವನ್ನೇ ನೋಡಿದಳು. "ಸುಳ್ಳು ಹೇಳಿದ್ಯಲ್ಲ, ಅದಕ್ಕೆ ದಾರಿ ಬಿಡಲ್ಲ" ಎಂದಳು ಪ್ರಿಮಿತಿವಾ. "ನಾಳೆ ಬೆಳಿಗ್ಗೆ ಮಾತುಕತೆಗೆ ಬರ್ತಾರಂತೆ, ಅಲ್ಲೀವರೆಗೆ ದೇವರು ಬಂದ್ರೂ ಬಿಡಲ್ಲ. ಆದ್ರೆ ತೊರೆ ಇಲ್ಲೇ ಕೆಳಗೈತೆ. ಒಲೆ ಉರೀತಾ ಐತೆ. ಸಾರಿನ ಹಂಡೆ ಖಾಲಿ ಮಾಡಿ ಕೊಡ್ತೀನಿ, ನೀರು ಬಿಸಿ ಮಾಡ್ಕೊ. ನಾವೇನು ರಾಕ್ಷಸರಲ್ಲ."

ತೊರೆಯ ನೀರು ಬೆರಳು ಕಡಿಯುವಷ್ಟು ತಣ್ಣಗಿತ್ತು. ಹೊತ್ತು ತಂದಳು, ಕಾಯಿಸಿದಳು, ಮೊಣಕೈ ಅದ್ದಿ ನೋಡಿದಳು, ಬೆರೆಸಿದಳು, ಮತ್ತೆ ತಂದಳು. ಡ್ರಮ್ಮಿನಿಂದ ಬಿಳಿನೀರನ್ನು ಚೊಂಬಿನಲ್ಲಿ ಎತ್ತಿ ರಸ್ತೆಗೆ ಚೆಲ್ಲಿದಳು. ಹೊಸ ನೀರು ನಿಧಾನವಾಗಿ, ಗೋಡೆಗುಂಟ ಇಳಿಯುವ ಹಾಗೆ ಸುರಿಯಬೇಕು, ಅವನು ಹೇಳಿಕೊಟ್ಟದ್ದು. ಒಮ್ಮೆಗೇ ಸುರಿದರೆ ಮೀನಿನ ಎದೆ ಒಡೆಯುತ್ತದೆ. ಅವಳ ಎದೆ ಒಡೆದರೆ ಯಾರಿಗೆ ಬೇಕು? ಮದುವೆಯಾದ ಹೊಸತರಲ್ಲಿ ಅವಳು ಚಳಿಜ್ವರದಲ್ಲಿ ನಡುಗುತ್ತಿದ್ದಾಗ ಅವನು ಒಂದು ಬಟ್ಟಲು ಸಾರು ತಂದು ನೆಲದ ಮೇಲಿಟ್ಟು ಹೋಗಿದ್ದ, ಕುಡಿ ಎಂದು ಕೂಡ ಹೇಳದೆ. ಅದೇ ಮನುಷ್ಯ ತೊಟ್ಟಿಯ ಮುಂದೆ ಕೂತು, "ಬಾರೋ ಕಂದಾ, ಬಾರೋ ನನ್ನಪ್ಪಾ" ಎನ್ನುತ್ತಿದ್ದ. ಆ ದನಿ ಅವನಲ್ಲಿತ್ತು ಎನ್ನುವುದೇ ಅವಳ ಸಂಕಟ. ಇಲ್ಲದಿದ್ದರೆ, ಇವನೊಬ್ಬ ಕಲ್ಲು, ನನ್ನ ಹಣೆಬರಹ ಎಂದು ಸುಮ್ಮನಿರುತ್ತಿದ್ದಳು. ಮೊದಲ ಏಂಜಲ್ ಮೀನು ಪಕ್ಕಕ್ಕೆ ಮಗುಚಿ ತೇಲಿತು. ಜರಡಿಯಲ್ಲಿ ಎತ್ತಿದಳು. ಕಾಗದದಷ್ಟು ತೆಳು, ರೆಕ್ಕೆ ಇನ್ನೂ ಅದುರುತ್ತಿತ್ತು. ಆಮೇಲೆ ಇನ್ನೊಂದು.

"ಇವನ್ನ ಸಾರಿಗೆ ಹಾಕ್ಬಹುದಾ?" ಒಲೆಯ ಬಳಿ ಕೂತಿದ್ದ ಮುದುಕಿಯೊಬ್ಬಳು ಆಸೆಯಿಂದ ಕೇಳಿದಳು.

"ಬೇಡ ಅಜ್ಜಿ."

"ಹೌದು ಬಿಡು, ಇದ್ರಲ್ಲಿ ತಿನ್ನಾಕೇನೈತೆ. ಬರೀ ಲಂಗ."

ಸಂಜೆಯಾಗುವಾಗ ಏಳೂ ಹೋದವು. ಸತ್ತವನ್ನು ರಸ್ತೆಯಂಚಿನ ಹುಲ್ಲಿನಲ್ಲಿಟ್ಟಳು. ಹಳ್ಳಿಯ ನಾಯಿಯೊಂದು ಬಂದು ಮೂಸಿ, ಸೀನಿ, ಹೊರಟುಹೋಯಿತು. ಉಳಿದದ್ದು ಜನರಲ್ ಒಂದೇ. ಅದು ತಳದಿಂದ ಮೇಲಕ್ಕೆ ಬಂದು, ತಲೆ ಕೆಳಗೆ ಮಾಡಿ, ಮತ್ತೆ ನೆಟ್ಟಗಾಗಿ, ಕೆಂಪು ಉಂಗುರದ ಒಂದು ಕಣ್ಣಿನಿಂದ ಅವಳನ್ನು ನೋಡಿತು. ಕಿವಿರುಗಳು ತೆರೆದು ಮುಚ್ಚುತ್ತಿದ್ದವು. ಕಸಿಲ್ದಾಳ ಕೈಯಲ್ಲಿ ಆಗ ತಾನೇ ಒಲೆಯಿಂದಿಳಿಸಿದ, ಇನ್ನೂ ತಣ್ಣೀರು ಬೆರೆಸದ ಚೊಂಬಿತ್ತು. ಹಬೆ ಮುಖಕ್ಕೆ ಹೊಡೆಯುತ್ತಿತ್ತು. ಇದೂ ಹೋಗಿಬಿಟ್ಟರೆ ಮುಗಿಯಿತು ಎನ್ನುವ ಯೋಚನೆ ಬಂತು. ಎಲ್ಲ ಸತ್ತರೆ ರಸ್ತೆ ತಡೆಯ ಮೇಲೆ ಹೋಗುತ್ತದೆ, ಚಳಿಯ ಮೇಲೆ ಹೋಗುತ್ತದೆ. ನಿಕಾನೋರ್ ಸಾಕ್ಷಿ ಹೇಳುತ್ತಾನೆ, ಅಮ್ಮ ಎಷ್ಟು ಒದ್ದಾಡಿದರು ಗೊತ್ತಾ ಎಂದು. ಒಂದು ಉಳಿದರೆ, ಅದೇಕೆ ಉಳಿಯಿತು, ಬೇರೆಯವು ಏಕೆ ಸತ್ತವು ಎಂದು ಕೇಳುತ್ತಾರೆ. ಇಷ್ಟೇ ಬಗ್ಗಿಸಿದರೆ ಸಾಕು. ಪಂಪೂ ಬೇಡ, ಪಾಚಿಯೂ ಬೇಡ, ಕಂದಾ ನನ್ನಪ್ಪಾ ಎನ್ನುವ ದನಿಯೂ ಬೇಡ. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ. ಚೊಂಬಿನ ಕಂಠ ಬೆರಳನ್ನು ಸುಟ್ಟಾಗ ಎಚ್ಚರವಾಯಿತು. ಸರಸರನೆ ತಣ್ಣೀರು ಬೆರೆಸಿದಳು, ಮೊಣಕೈ ಅದ್ದಿದಳು, ಇನ್ನೂ ಸ್ವಲ್ಪ ಬೆರೆಸಿದಳು. ಗೋಡೆಗುಂಟ, ಹನಿಹನಿಯಾಗಿ ಇಳಿಸಿದಳು. ಅವಳ ಹಲ್ಲುಗಳು ಕಟಕಟಿಸುತ್ತಿದ್ದವು. ಬೆಳಗಾಗುವವರೆಗೂ ಡ್ರಮ್ಮಿನ ಸುತ್ತ ಇಟ್ಟ ಬಿಸಿನೀರಿನ ಬಾಟಲಿಗಳನ್ನು ಬದಲಾಯಿಸುತ್ತ, ಡ್ರಮ್ಮನ್ನು ತನ್ನ ಕಂಬಳಿಯಲ್ಲೇ ಸುತ್ತಿ ಅದನ್ನು ತಬ್ಬಿಕೊಂಡು ಕೂತಿದ್ದಳು.

ಬೆಳಿಗ್ಗೆ ಕಲ್ಲು ಸರಿಸಿದರು. ಪ್ರಿಮಿತಿವಾ ಕಿಟಕಿಯೊಳಗೆ ಒಂದು ಮುಷ್ಟಿ ಬೇಯಿಸಿದ ಆಲೂಗಡ್ಡೆ ತುರುಕಿ, "ಹೋಗ್ಬಾ ತಾಯಿ. ಅತ್ತಿಗೆ ಏನಾದ್ರೂ ಅಂದ್ರೆ ಇಲ್ಲಿಗೆ ಕಳ್ಸು, ನಾವು ವಿಚಾರಿಸ್ಕೊತೀವಿ" ಎಂದಳು. ಕೊಚಬಾಂಬಾದಲ್ಲಿ ಇನ್ನೊಮ್ಮೆ ನೀರು. ಆಮೇಲೆ ಬೆಟ್ಟವೋ ಬೆಟ್ಟ. ಉಸಿರು ಸಾಲದೆ ಕಸಿಲ್ದಾಳ ತಲೆ ಸಿಡಿಯುತ್ತಿತ್ತು. ಹೇಳಿಬಿಡುತ್ತೇನೆ ಎಂದು ತೀರ್ಮಾನಿಸಿದ್ದಳು. ಬಾಗಿಲಲ್ಲೇ ಹೇಳಿಬಿಡುತ್ತೇನೆ. ನಾನೇ ಸಾರಾಯಿ ಬಿಟ್ಟೆ, ಒಳ್ಳೆಯದಾಗಲಿ ಎಂದು ಬಿಟ್ಟೆ, ನಿನ್ನ ಮಾತು ಮರೆತೆ ಎಂದು. ಅತ್ತಿಗೆ ಶಪಿಸಲಿ. ಅವನಿಗೆ ಅರ್ಥವಾಗುತ್ತದೆ. ಅವನಿಗೆ ನನ್ನ ಬಾಯಿ ಗೊತ್ತು, ಕೈ ಗೊತ್ತು. ಆ ಒಂದು ನಂಬಿಕೆಯನ್ನು ಹಿಡಿದುಕೊಂಡು ಅವಳು ಉಳಿದ ದಾರಿಯನ್ನೆಲ್ಲ ಸವೆಸಿದಳು.

ಒರುರೊದಲ್ಲಿ ಬಿಸಿಲಿತ್ತು, ಬಿಸಿಲಿನಲ್ಲಿ ಬಿಸಿಯಿರಲಿಲ್ಲ. ಬಸಿಲಿಯಾಳ ಅಂಗಳದಲ್ಲಿ ಎವಾರಿಸ್ತೊ ಕಂಬಳಿ ಹೊದ್ದು ಕುರ್ಚಿಯಲ್ಲಿ ಕೂತಿದ್ದ. ಗಡ್ಡ ಬೆಳೆದು ಯಾರೋ ಬೇರೆಯವನ ಹಾಗೆ ಕಾಣುತ್ತಿದ್ದ. ನಿಕಾನೋರ್ ಮತ್ತು ಪಕ್ಕದ ಮನೆಯವನೊಬ್ಬ ಡ್ರಮ್ಮು ಇಳಿಸಿ ಅವನ ಮುಂದಿಟ್ಟರು. ಕಸಿಲ್ದಾ ಬಾಯಿ ತೆರೆಯುವಷ್ಟರಲ್ಲಿ ಅವನ ಎಡಗೈ ಮುಚ್ಚಳದ ಮೇಲಿತ್ತು.

"ಎ... ಎಷ್ಟು?" ಎಂದ, ಸೊಟ್ಟ ಬಾಯಲ್ಲಿ.

"ಒಂದು" ಎಂದಳು. "ಜನರಲ್ ಒಂದೇ. ಬೇರೆ ಎಲ್ಲಾ..."

"ಒಂದಾ!" ಅವನ ಅರ್ಧ ಮುಖ ಅರಳಿತು. ಇನ್ನರ್ಧ ಹಾಗೇ ಇತ್ತು. "ನಿಜ್ವಾಗ್ಲೂ? ಜೀ... ಜೀವಂತ? ನೀನು ತಂದ್ಯಾ? ನೀನು?"

ಹಿಂದಿನಿಂದ ಬಸಿಲಿಯಾ ಚಪ್ಪಾಳೆ ತಟ್ಟಿ ನಕ್ಕಳು. ಆ ಮುದುಕಿ ನಕ್ಕದ್ದನ್ನು ಕಸಿಲ್ದಾ ಅಲ್ಲಿಯವರೆಗೆ ಕಂಡಿರಲಿಲ್ಲ. "ಸೋತ್ಯೋ ಇಲ್ವೋ? ಸೋತೆ ಅನ್ನು! ನೋಡೇ ಕಸಿಲ್ದಾ, ಇವನು ನನ್ನ ಹತ್ರ ಪಂದ್ಯ ಕಟ್ಟಿದ್ದ. ಅವಳು ಒಂದನ್ನೂ ಉಳಿಸಲ್ಲ ಅಕ್ಕಾ, ದಾರೀಲೇ ಮುಗಿಸ್ತಾಳೆ, ಇಪ್ಪತ್ತು ವರ್ಷದಿಂದ ಕಾಯ್ತಾ ಇದ್ಲು ಅಂದ. ನಾನಂದೆ, ಮುಚ್ಚೋ ಬಾಯಿ, ಅವಳ ಬೈಗುಳ ಕೇಳಿದೀನಿ, ಅವಳ ಕೈ ಕೆಲಸನೂ ನೋಡಿದೀನಿ, ತಂದೇ ತರ್ತಾಳೆ ಅಂತ. ಅದಕ್ಕೇ ಫೋನಲ್ಲಿ ಅಷ್ಟು ಒತ್ತಿ ಹೇಳಿದ್ದು, ನನ್ನ ಮಾನ ಹೋಗುತ್ತೆ ಅಂತ! ಬಂದಾಗಿನಿಂದ ಗಡ್ಡಕ್ಕೆ ಕತ್ತಿ ಮುಟ್ಟಿಸಕ್ಕೆ ಬಿಟ್ಟಿಲ್ಲ ಮಹಾರಾಯ. ಸೋತ್ರೆ ಬೋಳಿಸ್ಕೊತೀನಿ ಅಂದಿದಾನೆ. ಇರು, ಬಿಸಿನೀರು ತರ್ತೀನಿ."

ಕಸಿಲ್ದಾ ಅಂಗಳದ ನಡುವೆ ನಿಂತೇ ಇದ್ದಳು. ನಿಕಾನೋರ್ ಹೊಲಿಗೆ ಮಿಷನ್ನು ಎಲ್ಲಿಡಲಿ ಎಂದು ಕೇಳಿದ. ಎಲ್ಲೋ ಕೈ ತೋರಿಸಿದಳು. ಎವಾರಿಸ್ತೊ ಆವತ್ತು, ಬಕೆಟ್ಟು ಕುಕ್ಕಿದ ದಿನ, ನಕ್ಕದ್ದು ಹಾಗಾದರೆ ಏತಕ್ಕೆ? ಕಾರ್ನಿವಾಲಿನಲ್ಲಿ ಎರಡೂ ಕೈ ಅಗಲಿಸಿ ತೊಟ್ಟಿಗೆ ಅಡ್ಡ ನಿಲ್ಲುತ್ತಿದ್ದದ್ದು ಬಿಯರಿಗೋ, ಇವಳಿಗೋ? ಇಷ್ಟು ವರ್ಷ ಅವನು ಒಂದು ಕಣ್ಣು ಇವಳ ಮೇಲಿಟ್ಟುಕೊಂಡೇ ಮಲಗಿದ್ದನೇ? ಎವಾರಿಸ್ತೊ ಮುಚ್ಚಳ ತೆಗೆದು ಡ್ರಮ್ಮಿನೊಳಗೆ ಬಗ್ಗಿ ಎಡಗೈಯ ಬೆರಳನ್ನು ನೀರಿಗಿಳಿಸಿ, ಕಂದಾ, ನನ್ನಪ್ಪಾ ಎಂದು ತೊದಲುತ್ತಿದ್ದ. ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು.

ಬಸಿಲಿಯಾ ಬಿಸಿನೀರಿನ ಬೋಗುಣಿ, ಸೋಪು, ತಮ್ಮಿಬ್ಬರ ಅಪ್ಪನ ಕಾಲದ ಕ್ಷೌರದ ಕತ್ತಿ ತಂದಳು. ಹೆಮ್ಮೆಯಿಂದ ಕತ್ತಿಯನ್ನು ಕಸಿಲ್ದಾಳ ಕೈಗೇ ಕೊಟ್ಟಳು. "ಗೆದ್ದಿದ್ದು ನಿನ್ನಿಂದ. ನೀನೇ ಮಾಡು" ಎಂದು ಒಳಗೆ ಹೋದಳು, ಸಾರು ಉಕ್ಕುತ್ತಿತ್ತು.

ಕಸಿಲ್ದಾ ಅವನ ಕೆನ್ನೆಗೆ, ಗದ್ದಕ್ಕೆ, ಗಂಟಲಿಗೆ ಸೋಪು ಹಚ್ಚಿದಳು. ಸತ್ತ ಕಡೆಯ ಚರ್ಮ ತಣ್ಣಗಿತ್ತು. ಅವನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದಳು: "ನಾನೇ ಕಣೋ ಕೊಂದಿದ್ದು. ನೀರಿಗೆ ಸಾರಾಯಿ ಬಿಟ್ಟೆ. ಹೊರಡುವಾಗ, ಚಾಲ್ಯಕ್ಕೆ. ಒಳ್ಳೇದಾಗ್ಲಿ ಅಂತ ಬಿಟ್ಟೆ. ಸುಖವಾಗಿ ಮುಟ್ಲಿ ಅಂತ."

ಅವನು ಕೋಪಗೊಳ್ಳಲಿಲ್ಲ.

"ಗೊತ್ತಿತ್ತು" ಎಂದ. "ಏನಾದ್ರೂ... ಒಂದು... ಹಾಕ್ತೀಯ ಅಂತ."

"ಒಳ್ಳೇದಾಗ್ಲಿ ಅಂತ ಕಣೋ" ಎಂದಳು ಮತ್ತೆ. "ನಂಬು."

ಅವನು ತಲೆಯಾಡಿಸಿದ, ಮಕ್ಕಳ ಮಾತಿಗೆ ಆಡಿಸುವ ಹಾಗೆ. ಅವಳು ಎಡಗೈಯಿಂದ ಅವನ ಗದ್ದ ಎತ್ತಿ ಕತ್ತಿಯನ್ನು ಗಂಟಲ ಬಳಿಗೆ ತಂದಳು.

"ಕಣ್ಣು ಮುಚ್ಕೊ. ಒಳಗೆ ಸೋಪು ಹೋಗುತ್ತೆ."

"ಬೇಡ" ಎಂದ ಎವಾರಿಸ್ತೊ, ಅವಳ ಕೈಯನ್ನೇ ನೋಡುತ್ತ. "ತೆರ್ದೇ... ಇರ್ಲಿ."